ಹೆಪ್ಪಿನಂತೆ ಹಂಚಿದ ಎರಿ

ಈ ಬರಹದಲ್ಲಿ ಒಂದು ಮಧ್ಯಾಹ್ನ ಬರುತ್ತದೆ. ಅದು ನಡೆದದ್ದು ನಿಜ. ಊರಿನ ಹತ್ತಾರು ಜನ ನೋಡಿದ್ದಾರೆ. ಆದರೆ ಆ ಹೊತ್ತು ನಾನು ಏನು ಹೇಳಿದೆ, ಯಾರು ಕೇಳಿಸಿಕೊಂಡರು ಎಂದು ಖಚಿತವಾಗಿ ಬರೆಯುವ ಧೈರ್ಯ ಬಹುಕಾಲ ನನಗೆ ಇರಲಿಲ್ಲ. ಒಂದು ಖಾಲಿ ಪೆಟ್ಟಿಗೆಯೊಳಗಿಂದ ಸದ್ದು ಬಂದದ್ದನ್ನೂ ಬರೆಯಲಿದ್ದೇನೆ. ಅದನ್ನು ನೀವು ನಂಬಲೇಬೇಕೆಂದಿಲ್ಲ. ನಾನೂ ಕೆಲವು ದಿನ ನಂಬುತ್ತೇನೆ, ಕೆಲವು ದಿನ ಇಲ್ಲ.

ಕೀಟಶಾಸ್ತ್ರ ಓದಿ ಬಂದವನು ನಾನು. ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದು ಬೇರೆಯವರ ಮಾತನ್ನು ಅನುಮಾನಿಸುವುದನ್ನು. ರೈತ ಹೇಳಿದ, ಅಜ್ಜಿ ಹೇಳಿದಳು ಎಂದರೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದೆವು. ನಮ್ಮದೇ ನೆನಪಿಗೆ ಆ ಪ್ರಶ್ನೆ ಹಾಕಬೇಕೆಂದು ಯಾರೂ ಹೇಳಿಕೊಡಲಿಲ್ಲ. ಕೂತಲ್ಲಿ ಕೂರಲಾರದ ಸ್ವಭಾವ ನನ್ನದು. ನಿವೃತ್ತನಾದ ಮೇಲೆ ಬೇರೆ ಕೆಲಸವಿಲ್ಲದೆ ಹಳೆಯ ಸಂಗತಿಗಳನ್ನು ಒಂದೊಂದಾಗಿ ಹೊರತೆಗೆದು ನೋಡುತ್ತಿದ್ದೇನೆ. ಕೆಲವು ಗಟ್ಟಿಯಾಗಿವೆ, ಕೆಲವು ಟೊಳ್ಳು. ಜೇನು ಉಳಿಸುವ ಕೆಲಸಕ್ಕೆ ಊರಿನ ಜನರನ್ನು ಸೇರಿಸಿಕೊಳ್ಳಲು ಹೊರಟ ಹೊಸಬರು ನನ್ನ ಬಳಿ ಬಂದು ಅನುಭವ ಕೇಳುತ್ತಾರೆ. ಬಡ್ತಿ, ವರ್ಗಾವಣೆಗಳ ಕಥೆ ಅವರಿಗೆ ಬೇಡ. ಇದು ಬೇಕಾಗಬಹುದು.

ತೊಂಬತ್ತರ ದಶಕದ ಮೊದಲಲ್ಲಿ ಹಾಸನದ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಜೇನಿನ ತಾಂತ್ರಿಕ ಸಹಾಯಕ. ಆ ಸಂಸ್ಥೆ ಈಗಿಲ್ಲ, ಹೆಸರೂ ಬೇಡ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳು ನನ್ನ ಪಾಲಿಗೆ. ಬಸ್ಸಿನಲ್ಲಿ ಹೋಗಬೇಕು, ಬಸ್ಸಿಳಿದ ಮೇಲೆ ಯಾರದಾದರೂ ಸೈಕಲ್ಲು, ಇಲ್ಲವಾದರೆ ಕಾಲ್ನಡಿಗೆ. ಹುತ್ತದಲ್ಲಿ, ಮರದ ಪೊಟರೆಯಲ್ಲಿ ಗೂಡು ಕಟ್ಟುವ ತುಡುವೆ ಜೇನನ್ನು ಪೆಟ್ಟಿಗೆಗೆ ಕೂರಿಸಿ ಹಿತ್ತಲಲ್ಲಿ ಸಾಕುವುದನ್ನು ಊರಿನವರಿಗೆ ಕಲಿಸುವುದು ಕೆಲಸ. ಕಲಿತವರು ಇನ್ನೊಬ್ಬರಿಗೆ ಕಲಿಸಬೇಕು, ಕಾಡಿನ ಗೂಡಿಗೆ ಬೆಂಕಿ ಇಡುವವರನ್ನು ತಡೆಯಬೇಕು. ಕಾಗದದಲ್ಲಿ ಅವರು ಸ್ವಯಂಸೇವಕರು. ಊರಿನ ಬಾಯಲ್ಲಿ ‘ಉಳದೋರು’, ಎಂದರೆ ಹುಳದವರು.

ನನ್ನ ಮೇಲಧಿಕಾರಿ ಒಳ್ಳೆಯ ಮನುಷ್ಯ. ಒಂದು ಸಲವೂ ಕಚ್ಚಿಸಿಕೊಳ್ಳದೆ ವರ್ಷಗಟ್ಟಲೆ ಜೇನಿನ ಕೆಲಸ ಮಾಡಿದವರು. ಅವರ ಕುರ್ಚಿಯ ಹಿಂದೆ ಜಿಲ್ಲೆಯ ನಕ್ಷೆ. ಪೆಟ್ಟಿಗೆ ಇರುವ ಊರಿಗೆಲ್ಲ ಒಂದೊಂದು ಹಳದಿ ಗುಂಡುಸೂಜಿ. ನಾನು ಒಳಗೆ ಹೋದರೆ ನನ್ನನ್ನು ನೋಡುವ ಮೊದಲು ನಕ್ಷೆ ನೋಡುತ್ತಿದ್ದರು. “ಏನ್ರೀ, ಅರಕಲಗೂಡು ಕಡೆ ಇನ್ನೂ ಬೋಳಾಗಿದೆಯಲ್ರೀ” ಎನ್ನುವರು, ಅದು ನನ್ನದೇ ತಲೆಯೇನೋ ಎಂಬಂತೆ.

ಮೊದಲ ತರಬೇತಿ ಶಾಂತಿಗ್ರಾಮದಲ್ಲಿ. ಹಿಂದಿನ ದಿನ ಕ್ಷೌರ ಮಾಡಿಸಿಕೊಂಡು ಪರಿಮಳದ ಎಣ್ಣೆ ಹಚ್ಚಿಸಿಕೊಂಡಿದ್ದೆ. ಪೆಟ್ಟಿಗೆಯ ಮುಚ್ಚಳ ತೆಗೆದು ‘ತುಡುವೆ ಬಹಳ ಸಾಧು’ ಎನ್ನುತ್ತಿದ್ದಂತೆ ಎಲ್ಲವೂ ನನ್ನ ತಲೆಗೇ ಬಂದವು. ಓಡಿ ಪಕ್ಕದ ಹಾಲಿನ ಡೇರಿಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಹೊರಗಿನಿಂದ ಒಬ್ಬ ಹೆಂಗಸು, “ಸಾ, ನಿಮ್ಮನ್ನ ಊವು ಅಂದ್ಕಂಡ್ಬುಟ್ಟವೆ. ವಸಿ ಒತ್ತು ಅಲ್ಲೇ ಇರಿ, ಊವು ಬಾಡೋಗ್ಲಿ” ಎಂದಳು. ಉಳಿದ ಪಾಠವನ್ನು ಕಿಟಕಿಯಿಂದ ಮಾಡಿದೆ. ಜನ ಆ ಪಾಠವನ್ನು ಚೆನ್ನಾಗಿಯೇ ನೆನಪಿಟ್ಟುಕೊಂಡರು.

ಅಲ್ಲಿಂದ ಮುಂದೆ ಪೆಟ್ಟಿಗೆ ತೆರೆಯುವ ಮೊದಲು ಕೇಳಿಸಿಕೊಳ್ಳುವುದನ್ನು ಕಲಿಸತೊಡಗಿದೆ. ಬೆರಳಗಂಟಿನಿಂದ ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ಕಿವಿ ಆನಿಸಬೇಕು. ಸುಖವಾಗಿರುವ ಜೇನು ಕುಟುಂಬ ಒಂದೇ ಸಲ ಜುಂ ಎಂದು ಥಟ್ಟನೆ ಸುಮ್ಮನಾಗುತ್ತದೆ. ರಾಣಿ ಸತ್ತ ಕುಟುಂಬ ಸುಮ್ಮನಾಗುವುದಿಲ್ಲ. ನರಳಿದಂತೆ ಬಹಳ ಹೊತ್ತು ಎಳೆಯುತ್ತದೆ. ಹೆಂಗಸರು ಇದನ್ನು ನನಗಿಂತ ಬೇಗ ಕಲಿತರು.

ದಂಡಿಗನಹಳ್ಳಿ ಹೋಬಳಿಯ ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನವರು ಇನ್ನೂ ಇದ್ದಾರೆ. ತೆಂಗಿನ ತೋಟ, ರಾಗಿ ಹೊಲ, ಒಂದೇ ಉದ್ದನೆಯ ಬೀದಿ, ಬೀದಿಯ ತುದಿಗೆ ಜನ ಸೇರುವ ಕಟ್ಟೆ, ಕಟ್ಟೆಯ ಪಕ್ಕ ದೊಡ್ಡ ಹೊಂಗೆ ಮರ. ಹನ್ನೊಂದು ಮನೆಗಳಲ್ಲಿ ಪೆಟ್ಟಿಗೆ ಇಟ್ಟೆವು. ಅಲ್ಲಿನ ಶಾಲೆಯ ರಾಮಸ್ವಾಮಿ ಮೇಷ್ಟ್ರು ಸ್ವಯಂಸೇವಕರ ಪಟ್ಟಿ ಇಟ್ಟುಕೊಂಡಿದ್ದರು. ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ಸೋಮವಾರ ಬಂದು ಶನಿವಾರ ಊರಿಗೆ ಹೋಗುತ್ತಿದ್ದರು. ಹೆಂಗಸರಿಗೆಲ್ಲ ಮುಂದಾಳು ಜಯಮ್ಮ, ಒಳ್ಳೆಯ ಮಾತುಗಾತಿ. ಬೀದಿಯ ಕೊನೆಯ ಮನೆಯ ನಿಂಗಮ್ಮ ಗಂಡನಿಲ್ಲದಾಕೆ, ಕೂಲಿಗೆ ಹೋಗುತ್ತಿದ್ದಾಕೆ, ಮಾತು ಕಡಿಮೆ. ಉಳಿದವರೆಲ್ಲ ನಾನು ಕೊಟ್ಟ ಜೇನು ಸಾಕಿದರೆ ನಿಂಗಮ್ಮ ಮಾತ್ರ ಹುತ್ತದಿಂದ ತಾನೇ ಹಿಡಿದು ತಂದು ಕೂರಿಸಿದ್ದಳು.

ಆ ಕಾಲಕ್ಕೆ ನಾವೆಲ್ಲ ಕಲಿಸುತ್ತಿದ್ದ ಒಂದು ಪಾಠವಿತ್ತು. ಒಂದು ಕುಟುಂಬ ಸೊರಗಿದರೆ, ಬಲವಾದ ಕುಟುಂಬದಿಂದ ಮರಿ ತುಂಬಿದ ಒಂದು ಎರಿಯನ್ನು, ಅಂದರೆ ಜೇನು ಕಟ್ಟಿದ ಮೇಣದ ಕಣಗಳ ಹಲಗೆಯನ್ನು, ಚೌಕಟ್ಟಿನ ಸಮೇತ ತೆಗೆದು ಇದಕ್ಕೆ ಕೊಡುವುದು. ಮರಿಗಳು ಬೆಳೆದು ದುಡಿಮೆಗೆ ಬಂದರೆ ಸೊರಗಿದ್ದು ಚೇತರಿಸಿಕೊಳ್ಳುತ್ತದೆ. ಪಾಠ ಮುಗಿಯುವಷ್ಟರಲ್ಲಿ ಜಯಮ್ಮ, “ಅಂದ್ರೆ ಎಪ್ಪು ಕೊಟ್ಟಂಗೆ ಅನ್ನಿ ಸಾ” ಎಂದಳು.

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ನಾಲ್ಕೂ ತಾಲ್ಲೂಕುಗಳಲ್ಲಿ ಅದನ್ನೇ ಹೇಳಿಕೊಂಡು ತಿರುಗಿದೆ. ಹೆಪ್ಪು ಕೊಡುವುದು ಆ ಬೀದಿಯಲ್ಲಿ ಎಂಥದ್ದು ಎಂದು ಮಾತ್ರ ಕೇಳಲಿಲ್ಲ. ಅಲ್ಲಿ ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವಂತಿರಲಿಲ್ಲ. ಕೊಟ್ಟ ಬಟ್ಟಲು ಬರಿದಾಗಿ ವಾಪಸ್ ಬರುವಂತೆಯೂ ಇರಲಿಲ್ಲ. ಹಾಗಾಗಿ ಎರಿಯೂ ಹಾಗೆಯೇ ಓಡಾಡಿತು. ಜಯಮ್ಮನಿಂದ ಎರಿ ಪಡೆದ ಮನೆ, ತನ್ನ ಜೇನು ಚೇತರಿಸಿದ ಕೂಡಲೇ ಇನ್ನೊಂದು ಎರಿಯನ್ನು ಜಯಮ್ಮನಿಗೆ ಮರಳಿಸಿತು, ಬೇಕಿರಲಿ ಬೇಡದಿರಲಿ. ಅಕ್ಕತಂಗಿಯರಂತಿದ್ದವರು ಸುಮ್ಮನೆ ಬದಲಾಯಿಸಿಕೊಂಡರು. ಆರು ತಿಂಗಳಲ್ಲಿ ಯಾರ ಪೆಟ್ಟಿಗೆಯಲ್ಲಿ ಯಾರ ಮನೆಯ ಮರಿ ಇದೆಯೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಜನರ ಸಹಕಾರ ಎಂದರೆ ಇದು ಎಂದು ನಾನು ವರದಿ ಬರೆದೆ.

ನಿಂಗಮ್ಮ ಕೊಡಲಿಲ್ಲ. ತೆಗೆದುಕೊಳ್ಳಲೂ ಇಲ್ಲ. ಶಾಲೆಯ ಜಗಲಿಯಲ್ಲಿ ಎಲ್ಲರೂ ಸೇರಿದ್ದಾಗ ಜಯಮ್ಮ ಅವಳನ್ನು ಹಿಡಿದುಕೊಂಡಳು.

“ನಿಂಗಕ್ಕ, ನಿನ್ ಪೆಟ್ಗೇಲಿ ಉಳ ಉಕ್ತಾ ಅವೆ. ಒಂದ್ ಎರಿ ಕೊಟ್ರೆ ನಿಂದೇನು ಸವ್ದೋಗ್ತದೆ?”

“ಕೊಡಾಕಿಲ್ಲ ಕನವ್ವ. ಯಾರ್ದೂ ಬ್ಯಾಡ, ನಂದೂ ಕೊಡಾಕಿಲ್ಲ.”

“ನಾಳೀಕೆ ಎಪ್ಪು ಕೇಳಿದ್ರೂ ಇಂಗೇ ಅಂತೀಯಾ?”

“ಎಪ್ಪಿಗೆ ಜೀವ ಇಲ್ಲ ಕನೆ. ಇವು ಮರಿಗೋಳು. ಬ್ಯಾರೆ ಮನೇಲಿ ಉಟ್ಟಿದ್ದ ತಂದು ಮಲಗ್ಸುದ್ರೆ ಸುಮ್ಕಿರಾಕಿಲ್ಲ. ತಲೆ ಎತ್ತಿ ನೋಡ್ತವೆ.”

ನಾನು ಮಧ್ಯೆ ಬಾಯಿ ಹಾಕಿದೆ. ಹೆಪ್ಪಿಗೂ ಜೀವವಿದೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಬಟ್ಟಲಿನಿಂದ ಬಟ್ಟಲಿಗೆ ಹೋಗುವುದರಿಂದಲೇ ಹಾಲು ಮೊಸರಾಗುತ್ತದೆ ಎಂದು ವಿವರಿಸಿದೆ. ನಿಂಗಮ್ಮ ಪೂರ್ತಿ ಕೇಳಿಸಿಕೊಂಡಳು.

“ಅಂಗಾರೆ ಇನ್ನೂ ಬ್ಯಾಡ ಸಾ” ಎಂದಳು.

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಸಿಟ್ಟಾದೆ. ಸಹಕಾರ ಕೊಡದವರು ಸ್ವಯಂಸೇವಕರ ಪಟ್ಟಿಯಲ್ಲಿ ಇರಲಾಗದು ಎಂದು ಎಲ್ಲರ ಮುಂದೆ ಹೇಳಿದೆ. ಮೇಷ್ಟ್ರು “ಹೋಗ್ಲಿ ಬಿಡಿ, ಅವಳ ಇಷ್ಟ” ಎಂದರು. ನಾನು ಬಿಡಲಿಲ್ಲ. ಹೆಸರು ಹೊಡೆದುಹಾಕಿಸಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಈ ನೆನಪಿನ ಬಗ್ಗೆ ಅನುಮಾನವಿಲ್ಲ.

ಚಳಿ ಕಳೆದು ಬಿಸಿಲು ಏರುತ್ತಿದ್ದಾಗ ಜಯಮ್ಮನಿಂದ ಕರೆ ಬಂತು. ಅವಳ ಹಿತ್ತಲಲ್ಲಿ ಪೆಟ್ಟಿಗೆ ತೆರೆದು ಎರಿಯನ್ನು ಬಿಸಿಲಿಗೆ ಹಿಡಿದೆ. ಮರಿಗಳು ತಮ್ಮ ತಮ್ಮ ಕಣದಲ್ಲಿ ಅಂಗಾತ ಮಲಗಿ ಸತ್ತಿದ್ದವು. ಸತ್ತ ಮರಿ ಸಾಮಾನ್ಯವಾಗಿ ಕುಸಿದು ಹೋಗುತ್ತದೆ. ಇವು ಕುಸಿದಿರಲಿಲ್ಲ. ಒಂದೊಂದೂ ತಲೆಯನ್ನು ಕಣದ ಬಾಯಿಯವರೆಗೆ ಎತ್ತಿತ್ತು. ಸಾಲು ಸಾಲಾಗಿ, ನೂರಾರು, ಒಂದೇ ದಿಕ್ಕಿಗೆ, ಯಾರೋ ಕರೆದದ್ದಕ್ಕೆ ಎಲ್ಲವೂ ಒಟ್ಟಿಗೆ ತಲೆಯೆತ್ತಿದ ಹಾಗೆ. ಚಿಮಟದಿಂದ ಒಂದನ್ನು ಎಳೆದೆ. ಪುಟ್ಟ ಚೀಲದಂತೆ ಇಡಿಯಾಗಿ ಬಂತು. ಚರ್ಮದ ಒಳಗೆ ಬರೀ ನೀರು.

“ಇವು ಯಾರನ್ನ ನೋಡ್ತಾ ಅವೆ ಸಾ?” ಎಂದು ಜಯಮ್ಮ ಕೇಳಿದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ನಿಂಗಮ್ಮ ಜಗಲಿಯಲ್ಲಿ ಹೇಳಿದ ಮಾತು ನನಗೆ ಆಗಲೇ ನೆನಪಾಯಿತೇ? ಆಯಿತು ಎಂದೇ ಬಹಳ ಕಾಲ ಹೇಳುತ್ತಿದ್ದೆ. ಆದರೆ ನಾನು ಅಲ್ಲಿ ನಿಂತು ಜಯಮ್ಮನಿಗೆ ಕೊಟ್ಟ ಸಲಹೆ ಬೇರೆ: ಆಹಾರ ಸಾಲದೆ ಸತ್ತಿರಬೇಕು, ಕುಟುಂಬ ಸೊರಗಿದೆ, ಒಳ್ಳೆಯ ಪೆಟ್ಟಿಗೆಯಿಂದ ಇನ್ನೊಂದು ಎರಿ ತಂದು ಕೊಡಿ. ಅವಳು ತಂದಳು. ಪದ್ಧತಿಯಂತೆ, ಒಂದನ್ನು ಮರಳಿಸಿದಳು ಕೂಡ.

ಹಾಸನಕ್ಕೆ ಬಂದು ಮೇಲಧಿಕಾರಿಗೆ ವಿಷಯ ಹೇಳಿದೆ. ಮಾದರಿಯನ್ನು ಸೀಸೆಯಲ್ಲಿ ಹಾಕಿ ಬೆಂಗಳೂರಿಗೆ ಕಳಿಸಿದೆವು. ಅವರು ನಕ್ಷೆಯ ಕಡೆ ತಿರುಗಿ ಕೂತರು. “ಕಾಯಿಲೆ ಅಂತ ಎಲ್ಲೂ ಬಾಯಿಬಿಡಬೇಡಿ. ವರದಿ ಬರಲಿ. ತರಬೇತಿ ಯಾವುದನ್ನೂ ನಿಲ್ಲಿಸಬೇಡಿ, ಜನ ಗಾಬರಿ ಆಗ್ತಾರೆ” ಎಂದರು. ಅದರಲ್ಲಿ ತಪ್ಪು ಕಾಣುವಷ್ಟು ನನಗೂ ತಿಳಿದಿರಲಿಲ್ಲ. ಅದು ಎಂಥ ಕಾಯಿಲೆ, ಮರಿಯಿಂದ ಮರಿಗೆ ಹೇಗೆ ದಾಟುತ್ತದೆ ಎಂಬ ಉತ್ತರ ಬಂದದ್ದು ಮಳೆಗಾಲ ಹಿಡಿದ ಮೇಲೆ.

ಅಷ್ಟರೊಳಗೆ ಆ ಬೀದಿಯ ಪೆಟ್ಟಿಗೆಗಳು ಒಂದೊಂದಾಗಿ ಬರಿದಾದವು. ಸಾಲಾಗಿ ಅಲ್ಲ. ಜಯಮ್ಮನ ಮನೆಯ ನಂತರ ಬೀದಿಯ ಆ ತುದಿಯ ಒಂದು ಮನೆ, ಆಮೇಲೆ ನಡುವಿನದು, ಮತ್ತೆ ಈ ತುದಿ. ಯಾರೋ ಪಟ್ಟಿ ಹಿಡಿದು ಹೆಸರು ಕೂಗುತ್ತಿರುವ ಹಾಗೆ. ಹೆಂಗಸರು ನೀರಿಗೆ ಹೋದಲ್ಲಿ ಮುಂದಿನ ಸರದಿ ಯಾರದು ಎಂದು ಪಿಸುಗುಟ್ಟುತ್ತಿದ್ದರು. ಆ ಅನುಕ್ರಮದ ಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ. ಯಾರಿಗೆ ಯಾರು ಹೆಚ್ಚು ಬೇಕಾದವರೋ ಆ ದಾರಿ ಹಿಡಿದು ಎರಿಯ ಜೊತೆ ಕಾಯಿಲೆ ನಡೆದಿತ್ತು.

ಯುಗಾದಿಗೆ ಸ್ವಲ್ಪ ಮೊದಲು ಹೊಂಗೆ ಹೂ ಬಿಟ್ಟಿತು. ಹೂ ಬಿಟ್ಟ ಹೊಂಗೆಯ ಕೆಳಗೆ ನೀವು ನಿಂತಿದ್ದರೆ ಗೊತ್ತಿರುತ್ತದೆ. ಮರವೇ ಕುದಿಯುತ್ತಿದೆ ಅನ್ನಿಸುವಷ್ಟು ಜೇನಿನ ಸದ್ದು. ಆ ವರ್ಷ ನಡುಹಗಲಲ್ಲಿ ಅದರ ಕೆಳಗೆ ಹೋಗಿ ನಿಂತೆ. ಮರದ ತುಂಬ ಹೂ. ನೆಲದ ಮೇಲೆ ಹೂ. ಹೂ ಉದುರುವ ಸದ್ದು ಕೇಳಿಸುತ್ತಿತ್ತು. ಹೂ ಉದುರಿದರೆ ಸದ್ದಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಪೆಟ್ಟಿಗೆಯ ಸದ್ದಿನ ಸಂಗತಿ ಅದೇ ದಿನದ್ದು. ಪೆಟ್ಟಿಗೆಯ ಸ್ಟ್ಯಾಂಡಿನ ನಾಲ್ಕು ಕಾಲಿಗೂ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತೇವೆ. ಜಯಮ್ಮನ ಪೆಟ್ಟಿಗೆ ಖಾಲಿಯಾಗಿ ಹದಿನೈದು ದಿನ ಕಳೆದಿತ್ತು. ಬಟ್ಟಲುಗಳಲ್ಲಿ ಮಾತ್ರ ತುಂಬ ನೀರಿತ್ತು, ಆಗಷ್ಟೇ ತುಂಬಿಸಿದ ನೀರು.

“ಯಾಕಮ್ಮ ಇನ್ನೂ ನೀರು?” ಎಂದೆ.

“ಒಳಗವೆ ಸಾ. ತಟ್ಟಿ ನೋಡಿ.”

ಬೆರಳಗಂಟಿನಿಂದ ತಟ್ಟಿ ಕಿವಿ ಇಟ್ಟೆ. ಒಳಗಿನಿಂದ ಸದ್ದು ಬಂತು. ಜುಂ ಎಂದು ನಿಲ್ಲುವ ಸದ್ದಲ್ಲ, ಎಳೆಯುವ ಸದ್ದು. ಮುಚ್ಚಳ ತೆಗೆದೆ. ಕಪ್ಪಗಾದ ಎರಿಗಳು, ಅವುಗಳ ಮೇಲೆ ಮೇಣದ ಹುಳು ನೇಯ್ದ ಬಿಳಿ ಬಲೆ, ತಳದಲ್ಲಿ ಧೂಳು. ಒಂದೇ ಒಂದು ಜೇನಿಲ್ಲ. ಮುಚ್ಚಿದೆ, ಮತ್ತೆ ತಟ್ಟಿದೆ. ಮತ್ತೆ ಅದೇ ಸದ್ದು. ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಜೊತೆಗಿದ್ದ ಮೇಷ್ಟ್ರಿಗೆ ಕೇಳಿಸಿಕೊಳ್ಳಿ ಎಂದೆ. ಅವರು ಬಗ್ಗಿ ಕಿವಿಯಿಟ್ಟು ತಕ್ಷಣ ಎದ್ದರು. “ನನಗೆ ಕಿವಿ ಸ್ವಲ್ಪ ಮಂದ ಕಣ್ರೀ” ಎಂದು ಪಂಚೆ ಕೊಡವಿಕೊಂಡು ಬೀದಿಗೆ ಹೋಗಿಬಿಟ್ಟರು. ತರಗತಿಯ ಕೊನೆಯ ಬೆಂಚಿನ ಪಿಸುಮಾತು ಕೇಳಿಸುವ ಕಿವಿ ಅವರದು.

ಕಾರಣಗಳನ್ನು ನಾನು ಹುಡುಕಿದ್ದೇನೆ. ಟೊಳ್ಳು ಪೆಟ್ಟಿಗೆಗೆ ಕಿವಿ ಇಟ್ಟರೆ ಗಾಳಿಯ ಸದ್ದು ಹಾಗೆ ಕೇಳಬಹುದು. ಹತ್ತಿರದ ವಿದ್ಯುತ್ ಕಂಬದ ಗುಂಯ್‌ಗುಡುವಿಕೆ ಇರಬಹುದು. ಜಯಮ್ಮ ಮೊದಲೇ ಹೇಳಿದ್ದರಿಂದ ನನ್ನ ಕಿವಿ ಅದನ್ನು ಸೃಷ್ಟಿಸಿಕೊಂಡಿರಬಹುದು. ಮುಂದೆ ಬೇರೆ ಊರುಗಳಲ್ಲೂ ಖಾಲಿ ಪೆಟ್ಟಿಗೆ ಸದ್ದು ಮಾಡುತ್ತದೆ ಎಂದು ಜನ ಹೇಳಿದರು. ಅವರು ಹೇಳಿದ ಮೇಲೆ ನಾನು ಕೇಳಿದೆನೋ, ನಾನು ಕೇಳಿದ್ದು ಬಸ್ಸಿನಲ್ಲಿ ಬಾಯಿಂದ ಬಾಯಿಗೆ ಹೋಗಿ ಅವರನ್ನು ಮುಟ್ಟಿತೋ ಗೊತ್ತಿಲ್ಲ.

ಹತ್ತು ಪೆಟ್ಟಿಗೆ ಖಾಲಿ. ಹನ್ನೊಂದನೆಯದು ನಿಂಗಮ್ಮನದು; ಅದರ ಬಾಗಿಲಲ್ಲಿ ಜೇನು ಕಿಕ್ಕಿರಿದಿದ್ದವು. ಮಾತು ಹುಟ್ಟಲು ಇಷ್ಟು ಸಾಕಾಯಿತು. ಎಲ್ಲರ ಮನೆಯ ಜೇನನ್ನು ನಿಂಗಿ ಎಳೆದುಕೊಂಡಿದ್ದಾಳೆ, ಅದಕ್ಕೇ ಅವಳು ಎರಿ ಕೊಡಲಿಲ್ಲ, ಮುಟ್ಟಲೂ ಇಲ್ಲ, ಮಾಟ ಮಾಡಿದವಳು ಮುಟ್ಟುತ್ತಾಳೆಯೇ. ಅವಳನ್ನು ಪಟ್ಟಿಯಿಂದ ತೆಗೆದ ಸಾಹೇಬರಿಗೆ ಮೊದಲೇ ಗೊತ್ತಿತ್ತಂತೆ ಎಂದೂ ಸೇರಿಸಿದರು.

ಇನ್ನು ಆ ಮಧ್ಯಾಹ್ನ. ಯುಗಾದಿಯ ಮರುದಿನ ಬಾಡೂಟದ ಹೊಸತೊಡಕು; ಅದರ ಮಾರನೆಯ ದಿನ, ನೆಂಟರು ಹೊರಟುಹೋಗಿ ಊರಿಗೆ ಬಿಡುವು ಸಿಕ್ಕಿದ್ದ ಹೊತ್ತು. ನಿಂಗಮ್ಮನ ಪೆಟ್ಟಿಗೆಯನ್ನು ಕಟ್ಟೆಯ ಬಳಿ ತರಿಸಿ ಸುಡಬೇಕೆಂದು ಮಾತಾಗಿತ್ತು. ನನಗೆ ನೆನಪಿರುವುದು ಹೀಗೆ. ನಾನು ಮೇಷ್ಟ್ರ ಪಕ್ಕ ನಿಂತಿದ್ದೇನೆ. ಮುಂದೆ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ನಿಂಗಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ನಾನು ಕಟ್ಟೆ ಹತ್ತಿ ಹೇಳುತ್ತೇನೆ: ಇದು ಮಾಟವಲ್ಲ, ಮರಿಗಳಿಗೆ ಅಂಟುವ ಕಾಯಿಲೆ. ಎರಿ ಬದಲಾಯಿಸಿ ಎಂದು ಕಲಿಸಿದವನು ನಾನು, ಕಾಯಿಲೆಯನ್ನು ಮನೆಯಿಂದ ಮನೆಗೆ ಹೊರಿಸಿದವನು ನಾನು. ಬೇಡ ಎಂದಳಲ್ಲ, ಅವಳೊಬ್ಬಳೇ ಸರಿ. ಜನ ನಂಬುವುದಿಲ್ಲ. ಆಗ ನಿಂಗಮ್ಮ ತಾನೇ ಮುಚ್ಚಳ ತೆಗೆಯುತ್ತಾಳೆ. ಜೇನು ಒಟ್ಟಿಗೆ ಏಳುತ್ತವೆ. ಅವುಗಳ ನೆರಳು ಜನರ ಮುಖದ ಮೇಲೆ ಹಾಯುತ್ತದೆ, ಅವು ಹೊಂಗೆಯ ಆಚೆ ಹಳೆಯ ಹುಣಸೆಯ ಪೊಟರೆ ಸೇರುತ್ತವೆ. ನಿಂಗಮ್ಮ ಮರುದಿನ ಊರು ಬಿಡುತ್ತಾಳೆ.

ಇದನ್ನು ನಾನು ಎಷ್ಟು ತರಬೇತಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ತನ್ನ ತಪ್ಪನ್ನು ಜನರ ಮುಂದೆ ಒಪ್ಪಿಕೊಳ್ಳುವ ಎದೆ ಬೇಕು ಎಂದು ಕೊನೆಯಲ್ಲಿ ಸೇರಿಸುತ್ತಿದ್ದೆ. ಕೇಳಿದವರು ಚಪ್ಪಾಳೆ ತಟ್ಟಿದ್ದೂ ಉಂಟು.

ಎರಡು ಸಾವಿರದ ಇಸವಿಯ ಆಚೆಗೆ ಕೆಲಸದ ರೀತಿ ಬದಲಾಯಿತು. ಸ್ವಯಂಸೇವಕರು ಗೂಡಿನಿಂದ ಹತ್ತು ಹೆಜ್ಜೆ ದೂರ ನಿಂತು, ಐದು ನಿಮಿಷದಲ್ಲಿ ಕಾಲಿಗೆ ಪರಾಗ ಮೆತ್ತಿಕೊಂಡು ಒಳಗೆ ಹೋದ ಜೇನೆಷ್ಟು ಎಂದು ಬರೆದುಕೊಳ್ಳಬೇಕು, ಅಷ್ಟೇ. ಒಂದು ಗೂಡಿನದು ಇನ್ನೊಂದಕ್ಕೆ ಏನೂ ಹೋಗಬಾರದು, ಕೈಯನ್ನೂ ತೊಳೆಯದೆ ಮುಂದಿನ ಪೆಟ್ಟಿಗೆ ಮುಟ್ಟಬಾರದು ಎಂಬುದು ಮೊದಲ ಪಾಠ. ಆ ಕೆಲಸಕ್ಕಾಗಿ ಅದೇ ಊರಿಗೆ ಮತ್ತೆ ಹೋದೆ. ಹುಣಸೆಯ ಪೊಟರೆಯಲ್ಲಿ ತುಡುವೆ ಇತ್ತು. ಸುತ್ತಲಿನ ಗೋಡೆಗಳಲ್ಲಿ, ಹುತ್ತಗಳಲ್ಲಿ ಕೂಡ ಇತ್ತು. ಎಲ್ಲವೂ ನಿಂಗಮ್ಮನ ಪೆಟ್ಟಿಗೆಯ ವಂಶವೇ ಎಂದು ಊರವರು ನಂಬಿದ್ದರು. ಇರಬಹುದು. ನನ್ನಲ್ಲಿ ಸಾಕ್ಷಿಯಿಲ್ಲ. ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ದಿನಗಳಲ್ಲೇ ಒಮ್ಮೆ ಬೆಂಗಳೂರಿನಿಂದ ಬರುವಾಗ ಬಸ್ಸು ಹಿರೀಸಾವೆಯಲ್ಲಿ ನಿಂತಿತು. ಹೋಟೆಲಿನ ಹಿಂಬದಿಯ ಕಲ್ಲಿನ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದ ಹೆಂಗಸು ತಲೆಯೆತ್ತಿ, “ಉಳದ ಸಾ ಅಲ್ವಾ?” ಎಂದಳು. ನಿಂಗಮ್ಮ. ಕೂದಲು ನೆರೆತಿತ್ತು. ಅಲ್ಲೇ ತಂಗಿಯ ಮನೆಯಲ್ಲಿದ್ದು ಹೋಟೆಲಿನ ಅಡಿಗೆ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು.

“ಊರು ಬಿಡಬಾರದಾಗಿತ್ತು ನಿಂಗಮ್ಮ” ಎಂದೆ.

“ಎಪ್ಪು ಕೊಡೋರೇ ಇಲ್ದ ಮ್ಯಾಲೆ ಊರೇನ್ ಸಾ. ಬುಡಿ. ಉಳ ಅವಾ ಅಲ್ಲಿ?”

“ಹುಣಸೆ ಮರದಲ್ಲಿವೆ. ಚೆನ್ನಾಗಿವೆ.”

“ಅಂಗಾರೆ ಸರಿ” ಎಂದು ಮತ್ತೆ ಬೀನ್ಸಿಗೆ ಕೈ ಹಾಕಿದಳು.

ನನಗೆ ಅಷ್ಟಕ್ಕೆ ಸುಮ್ಮನಿರಲಾಗಲಿಲ್ಲ. “ಅವತ್ತು ಕಟ್ಟೆ ಮೇಲೆ ನಾನು ಅಷ್ಟು ಹೇಳಿದೆ. ಯಾರೂ ನಂಬಲಿಲ್ಲ.”

“ಯಾವತ್ತು?”

“ಹೊಸತೊಡಕಿನ ಮಾರನೇ ದಿನ.”

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಮರೆತವರಿಗೆ ನೆನಪಿಸುವ ಮುಖ. “ನೀವು ಬಂದಿರ್ನಿಲ್ವಲ್ಲ ಸಾ. ಒಂಬತ್ತೂವರೆ ಬಸ್ಸು ನೋಡ್ದೆ. ಒಂದೂವರೆ ಬಸ್ಸೂ ನೋಡ್ದೆ. ಮೇಷ್ಟ್ರು ‘ಬರ್ತಾರೆ ಇರಮ್ಮ, ಅವರು ಬಂದು ಒಂದ್ ಮಾತು ಹೇಳಿದ್ರೆ ಎಲ್ಲಾ ಸರಿಹೋಗುತ್ತೆ’ ಅಂತಲೇ ಇದ್ರು. ಜನ ಎಷ್ಟೊತ್ತು ಕಾದಾರು? ಬೆಂಕಿ ಇಕ್ಕಾಕೆ ಬಂದ್ರು. ನಾನೇ ಮುಚ್ಚಳ ತಗುದ್ಬುಟ್ಟು, ಓಗ್ರವ್ವ ಅಂದೆ. ಎಲ್ಲಾ ಓದ್ವು.”

ಬಸ್ಸಿನವನು ಹಾರನ್ ಒತ್ತಿದ. ಹತ್ತಿ ಕೂತೆ. ಹಾಸನ ತಲುಪುವವರೆಗೆ ನನ್ನ ಮನಸ್ಸಿನಲ್ಲಿ ಒಂದೇ ಸಮಾಧಾನ: ಅವಳು ಆ ಗದ್ದಲದಲ್ಲಿ ನನ್ನನ್ನು ನೋಡಿಲ್ಲ.

ಮುಂದಿನ ವಾರ ಊರಿಗೆ ಹೋಗಿ ಜಯಮ್ಮನನ್ನು ಕೇಳಿದೆ. “ಬಂದಿದ್ರಲ್ಲ ಸಾ” ಎಂದಳು, ಕ್ಷಣವೂ ಯೋಚಿಸದೆ. ನನಗೆ ಜೀವ ಬಂದಂತಾಯಿತು.

“ಏನು ಹೇಳಿದೆ ನಾನು?”

“ಏನೂ ಯೋಳ್ನಿಲ್ಲ. ಒಂಗೆ ಮರದ ಕೆಳಗೆ ನಿಂತಿದ್ರಿ. ಮನೇಲಿ ಒಸತೊಡಕಿಂದು ಮಿಕ್ಕಿದ್ ಸಾರಿತ್ತು, ನೀವು ತಿನ್ನಾಕಿಲ್ವಲ್ಲ, ಅದ್ಕೆ ಮಜ್ಜಿಗೆ ತಂದ್ಕೊಟ್ಟೆ. ಲೋಟ ಇಡಕಂಡು ಅಂಗೇ ನಿಂತಿದ್ರಿ, ಕುಡೀನಿಲ್ಲ. ತಲೆ ಎತ್ಕಂಡು ಮರಾನೇ ನೋಡ್ತಾ ಇದ್ರಿ. ಕರುದ್ರೂ ತಿರುಗ್ನಿಲ್ಲ. ನಂಗೆ ಭಯ ಆಗಿ ಆಚೀಚೆ ನೋಡ್ನಿಲ್ಲ, ಮನೀಗ್ ಬಂದ್ಬುಟ್ಟೆ.”

ಅಂಗಳದಲ್ಲಿ ಬಿಸಿಲಿತ್ತು. ನನ್ನ ನೆನಪಿನಲ್ಲಿ ನಾನು ಕಟ್ಟೆಯ ಮೇಲೆ ಮಾತನಾಡುತ್ತಿದ್ದೇನೆ. ನಿಂಗಮ್ಮನ ನೆನಪಿನಲ್ಲಿ ನಾನು ಇಲ್ಲವೇ ಇಲ್ಲ. ಜಯಮ್ಮನ ನೆನಪಿನಲ್ಲಿ ಯಾರೋ ಒಬ್ಬ, ನನ್ನ ಮುಖ ಹೊತ್ತವನು, ಹೂ ಬಿಟ್ಟ ಮರದ ಕೆಳಗೆ ಮಜ್ಜಿಗೆಯ ಲೋಟ ಹಿಡಿದು ಮಾತಿಲ್ಲದೆ ನಿಂತಿದ್ದಾನೆ. ಮೂರರಲ್ಲಿ ಜಯಮ್ಮನದೇ ನಿಜವಾಗಿರಲಿ ಎಂದು ಕೆಲವು ದಿನ ಹಾರೈಸಿದೆ. ಹೇಡಿಯಾಗಿಯಾದರೂ ಸರಿ, ಅಲ್ಲಿ ಇದ್ದೆ ಎಂದಾಗುತ್ತಿತ್ತು. ಅದನ್ನು ಪರೀಕ್ಷಿಸಲು ಮಾತ್ರ ಹೋಗಲಿಲ್ಲ. ಇತರರ ಮಾತಿಗೆಲ್ಲ ಸಾಕ್ಷಿ ಕೇಳುತ್ತಿದ್ದವನು ನಾನು.

ಕಳೆದ ತಿಂಗಳು ಅಟ್ಟ ಸ್ವಚ್ಛಗೊಳಿಸುವಾಗ ನನ್ನ ಪ್ರವಾಸದ ದಿನಚರಿ ಪುಸ್ತಕಗಳ ಕಟ್ಟು ಸಿಕ್ಕಿತು. ಯಾವ ಊರಿಗೆ ಹೋದೆ, ಏನು ಮಾಡಿದೆ ಎಂದು ಪ್ರತಿದಿನ ಬರೆದು ಕಚೇರಿಗೆ ತೋರಿಸಬೇಕಿತ್ತು. ಆ ವರ್ಷದ್ದನ್ನು ತೆಗೆದೆ. ಹಳೆಯ ಪಂಚಾಂಗ ತರಿಸಿ ಯುಗಾದಿ ಯಾವ ದಿನ ಬಿದ್ದಿತ್ತೆಂದು ನೋಡಿದೆ. ಅದರ ಮಾರನೆಯ ದಿನ ಹೊಸತೊಡಕು, ಅದರ ಮಾರನೆಯ ದಿನ ನನಗೆ ಬೇಕಾದದ್ದು. ಎರಡು ಸಲ ಎಣಿಸಿದೆ. ಪುಟದಲ್ಲಿದ್ದುದು ನನ್ನದೇ ಅಕ್ಷರ, ಕೆಳಗೆ ಮೇಲಧಿಕಾರಿಯ ಸಹಿ. ಆ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಾನು ಅರಕಲಗೂಡಿನಲ್ಲಿದ್ದೆ. ಹೊಸ ಸ್ವಯಂಸೇವಕರಿಗೆ ತರಬೇತಿ ನಡೆಸಿದ್ದೆ. ವಿಷಯ: ಸೊರಗಿದ ಕುಟುಂಬಕ್ಕೆ ಬೇರೆ ಪೆಟ್ಟಿಗೆಯಿಂದ ಮರಿ ಎರಿ ಕೊಡುವುದು.